ಯುದ್ಧ ಬರುವುದೇ, ಮೇಷ್ಟ್ರೇ?

2001ರ ಡಿಸೆಂಬರ್ 13ರಂದು ನಮ್ಮ ಸಂಸತ್ತಿನ ಮೇಲೆ ದಾಳಿ ನಡೆಯಿತು. ಕೆಲವು ವಾರಗಳ ಬಳಿಕ ಸಿರುಮುಗೈಯ ತಾಯಿಯೊಬ್ಬರು ನನ್ನ ಮನೆಗೆ ಬಂದರು. ದೇವಾಂಗ ನೇಕಾರರ ಮನೆತನ. ಬೀದಿಯಲ್ಲಿ ತಮಿಳು, ಮಗ್ಗದ ಮನೆಯೊಳಗೆ ಕನ್ನಡ. ನನ್ನ ಶಿಷ್ಯನಾಗಿದ್ದ ಅವರ ಮಗ ಸೇನೆಗೆ ಆಯ್ಕೆಯಾಗಿದ್ದ. ಹೊರಡುವ ಆದೇಶವೂ ಕೈ ಸೇರಿತ್ತು.

"ಯುದ್ಧ ಬರುವುದೇ, ಮೇಷ್ಟ್ರೇ?" ಎಂದು ಕೇಳಿದರು. ಬೆಳಿಗ್ಗೆಯಷ್ಟೇ ಪತ್ರಿಕೆಗಳ ವಿಶ್ಲೇಷಣೆಗಳನ್ನು ಓದಿ ಮುಗಿಸಿದ್ದ ನಾನು, "ಬಂದೇ ಬರುತ್ತದಮ್ಮ, ಇನ್ನು ಕೆಲವೇ ದಿನ" ಎಂದುಬಿಟ್ಟೆ. ಆ ತಾಯಿ ಮಗನನ್ನು ಕಳುಹಿಸಲಿಲ್ಲ.

ಯುದ್ಧ ಬರಲಿಲ್ಲ. 'ಆಪರೇಷನ್ ಪರಾಕ್ರಮ್' ಎಂಬ ಹೆಸರಿನಲ್ಲಿ ನಮ್ಮ ಸೇನೆ ಸುಮಾರು ಹತ್ತು ತಿಂಗಳು ಗಡಿಯಲ್ಲಿ ನಿಂತಿತು. 2002ರ ಅಕ್ಟೋಬರಿನಲ್ಲಿ ಅದನ್ನು ಹಿಂದೆಗೆಯುವ ತೀರ್ಮಾನವಾಯಿತು. ಹುಡುಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಕೂಲಿಗೆ ಸೇರಿದ. ಹೊಸದಾಗಿ ಸೇರಿದವನ ತರಬೇತಿ ಮುಗಿಯಲು ತಿಂಗಳುಗಳೇ ಬೇಕು, ಅವನನ್ನು ನೇರವಾಗಿ ರಣರಂಗಕ್ಕೆ ಅಟ್ಟುವುದಿಲ್ಲ ಎಂಬ ಸಾಮಾನ್ಯ ಸಂಗತಿಯೂ ಅಂದು ನನಗೆ ಹೊಳೆಯಲಿಲ್ಲ. ಆ ತಪ್ಪು ಪತ್ರಿಕೆಗಳದಲ್ಲ, ನನ್ನದು. ಅವು ಊಹಿಸಿದ್ದವು, ಆ ಊಹೆಗೆ ಸಾಕ್ಷ್ಯದ ಮುದ್ರೆ ಒತ್ತಿದವನು ನಾನು.

ಅಂದಿನಿಂದ ಯುದ್ಧದ ಮಾತು ಕಿವಿಗೆ ಬಿದ್ದಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಯುದ್ಧ ಬಾರದಿದ್ದರೂ ಈ ಲಕ್ಷಣ ಹೀಗೆಯೇ ಕಾಣುತ್ತಿತ್ತೇ? ನಮ್ಮ ಸೂಲೂರಿನ ವಾಯುನೆಲೆಯನ್ನೇ ನೋಡಿ. 2018ರಲ್ಲಿ ತೇಜಸ್ ವಿಮಾನಗಳ ಪಡೆ ಅಲ್ಲಿಗೆ ಬಂದಿತು. ಗಡಿಯ ಸುದ್ದಿ ಬಿಸಿಯೇರಿದಾಗ ವಿಮಾನದ ಮೊರೆತ ಕೇಳಿದವರು, "ನೋಡಿದಿರಾ, ಶುರುವಾಯಿತು" ಎನ್ನುತ್ತಾರೆ. ಶಾಂತಿಕಾಲದಲ್ಲಿಯೂ ಪೈಲಟ್‌ಗಳು ಅಭ್ಯಾಸ ಮಾಡಲೇಬೇಕು. ಎರಡೂ ಕಾಲಕ್ಕೆ ಸಮನಾದದ್ದು ಯಾವುದಕ್ಕೂ ಸಾಕ್ಷ್ಯವಾಗದು.

ಗಡಿಗೆ ಸೇನೆ ಹೋಗುವುದು ಅದಕ್ಕಿಂತ ಗಟ್ಟಿಯಾದ ಲಕ್ಷಣ, ನಿಜ. ಆದರೆ ಸಿದ್ಧತೆ ಬೇರೆ, ಸಂಕಲ್ಪ ಬೇರೆ. 1971ರಲ್ಲಿ ಎರಡೂ ಕೂಡಿದ್ದವು. ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದಿದ್ದರು, ಸುಮ್ಮನಿರುವುದೇ ಅಸಾಧ್ಯವಾಗಿತ್ತು. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು. ಮಳೆಗಾಲ ಕಳೆಯಿತು, ಹಿಮಾಲಯದ ಕಣಿವೆಮಾರ್ಗಗಳನ್ನು ಹಿಮ ಮುಚ್ಚತೊಡಗಿತು. ಯುದ್ಧಕ್ಕಿದ್ದ ಅಡ್ಡಿಗಳು ಒಂದೊಂದಾಗಿ ಸರಿದ ಮೇಲೆ, ಡಿಸೆಂಬರ್ 3ರಂದು ಅದು ಬಂದಿತು. ಇದಕ್ಕೆ ವಿರುದ್ಧವಾದ ಪಾಠವೂ ಉಂಟು. 1999ರ ಫೆಬ್ರವರಿಯಲ್ಲಿ ಲಾಹೋರ್ ಬಸ್ಸಿನ ಸಂಭ್ರಮದಲ್ಲಿ ಎಲ್ಲರೂ ಸ್ನೇಹದ ಮಾತಾಡಿದೆವು. ಮೇ ತಿಂಗಳಲ್ಲಿ ಕಾರ್ಗಿಲ್‌ನ ಶಿಖರಗಳಲ್ಲಿ ನುಸುಳಿದವರು ಕಂಡುಬಂದರು.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರ ಹತ್ಯೆಯಾಯಿತು. ಮೇ ಮೊದಲ ವಾರದಲ್ಲಿ ಅದೇ ಶಿಷ್ಯ ನನ್ನ ಮನೆಗೆ ಬಂದ. ಈಗ ನಲವತ್ತು ದಾಟಿದವನು. ಅವನ ಮಗಳು ಚಂಡೀಗಢದಲ್ಲಿ ಓದುತ್ತಿದ್ದಳು. "ಯುದ್ಧ ಬರುವುದೇ, ಮೇಷ್ಟ್ರೇ? ಮಗಳನ್ನು ಕರೆಸಿಕೊಳ್ಳಲೇ?" ಎಂದ. ಅವನ ತಾಯಿ ಕುಳಿತಿದ್ದ ಅದೇ ಜಗಲಿ.

ಈ ಬಾರಿ ನಿಧಾನವಾಗಿ ಎಣಿಸಿದೆ. ಸಿಂಧೂ ಜಲ ಒಪ್ಪಂದವನ್ನು ಭಾರತ ಅಮಾನತಿನಲ್ಲಿಟ್ಟಿದೆ. ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದೆ. 7ನೇ ತಾರೀಖು ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಸಲು ಕೇಂದ್ರ ಸರ್ಕಾರ ಆದೇಶಿಸಿದೆ. ಇವು ಬರಿಯ ಮಾತುಗಳಲ್ಲ, ಸರ್ಕಾರಗಳು ಬೆಲೆ ತೆತ್ತು ಮಾಡಿದ ಕೆಲಸಗಳು. "ಆದರೂ ಯುದ್ಧ ಬರುತ್ತದೆಂದು ನಾನು ಹೇಳಲಾರೆನಪ್ಪ. ಪರೀಕ್ಷೆ ಮುಗಿದಿದ್ದರೆ ಕರೆಸಿಕೋ. ನನ್ನ ಎಣಿಕೆ ತಪ್ಪಾದರೆ ಹೋಗುವುದು ರೈಲಿನ ಖರ್ಚು ಮಾತ್ರ" ಎಂದೆ. ಅವನ ತಾಯಿಗೂ ಹೀಗೆಯೇ ತೂಗಿ ಹೇಳಬೇಕಾಗಿತ್ತು.

7ರಂದು ನಮ್ಮ ಪಡೆಗಳು ದಾಳಿ ನಡೆಸಿದವು. 10ರಂದು ಕಾಳಗ ನಿಂತಿತು. ನಡುವೆ ಒಂದು ರಾತ್ರಿ ಕೆಲವು ವಾಹಿನಿಗಳು ಕರಾಚಿ ಬಂದರೇ ನಾಶವಾಯಿತೆಂದು ಸಾರಿದವು, ಅದು ಸುಳ್ಳು. ಕಾಳಗ ನಿಜವಾಗಿಯೇ ನಡೆಯುತ್ತಿದ್ದಾಗಲೂ ಗದ್ದಲ ಸಾಕ್ಷ್ಯವಾಗಲಿಲ್ಲ.

ಹುಡುಗಿ ಅಷ್ಟರಲ್ಲಿ ಮನೆ ಸೇರಿದ್ದಳು. "ನಿಮ್ಮ ಮಾತು ನಿಜವಾಯಿತು, ಮೇಷ್ಟ್ರೇ" ಎಂದು ಶಿಷ್ಯ ಹೇಳಿದಾಗ ತಡೆದೆ. ನಾನು ಭವಿಷ್ಯ ಹೇಳಿರಲಿಲ್ಲ. ಅವನ ತಾಯಿಗೆ ಅಂದು ಹೇಳಿದ್ದೇ ಭವಿಷ್ಯ. ಅದರ ಬೆಲೆ ತೆತ್ತವನು ಅವನು. ಆ ಮಾತನ್ನು ಇಪ್ಪತ್ತಮೂರು ವರ್ಷಗಳ ಮೇಲೆ ಅವನೆದುರು ಬಾಯಿಬಿಟ್ಟು ಒಪ್ಪಿಕೊಂಡೆ. ಅವನು ನಕ್ಕು, "ಬಿಡಿ, ಮೇಷ್ಟ್ರೇ" ಎಂದ. ನನಗೆ ಮಾತ್ರ ಅದನ್ನು ಬಿಡಲಾಗಿಲ್ಲ.