ಕಬ್ಬಿನ ಟ್ರ್ಯಾಕ್ಟರಿನ ಸಂವೇಗ

ಮಹಾಂತೇಶ ನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲಕರ ಮಗಳು ಒಂಬತ್ತನೇ ತರಗತಿ. ಮೊನ್ನೆ ಪುಸ್ತಕ ಹಿಡಿದು ಬಂದಳು.

‘ಅಣ್ಣಾ, ಸಂವೇಗ ಅಂದ್ರ ದ್ರವ್ಯರಾಶಿ ಗುಣಿಸು ವೇಗ. ಬಾಯಿಪಾಠ ಆಗೇತಿ. ಆದ್ರ ತಿಳಿವಲ್ದು.’

ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನಗೆ ಥಟ್ಟನೆ ನೆನಪಾದದ್ದು ಅಪ್ಪನ ಏಟು.

ಅಪ್ಪ ಸೀಜನ್ನಿನಲ್ಲಿ ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಾನು ಎಂಟನೇ ತರಗತಿಯಲ್ಲಿದ್ದಾಗ ಒಮ್ಮೆ, ಇಳಿಜಾರಿನಲ್ಲಿ ಮೆಲ್ಲಗೆ ಬರುತ್ತಿದ್ದ ಅವನ ಮುಂದೆಯೇ ಸೈಕಲ್ ಅಡ್ಡ ಹೊಡೆದೆ. ಎಷ್ಟೋ ಮುಂದೆ ಹೋಗಿ ನಿಂತ ಟ್ರ್ಯಾಕ್ಟರಿನಿಂದಿಳಿದು, ನಡೆದು ಬಂದು, ಗೆಳೆಯರ ಎದುರೇ ಕೆನ್ನೆಗೆ ಬಾರಿಸಿದ.

‘ನಿಧಾನ ಬರಾಕತ್ತಿದ್ದಿ, ಬ್ರೇಕ್ ಹಾಕಬೇಕಿತ್ತು!’

‘ಬ್ರೇಕ್ ನಾ ಹಾಕ್ತೀನಿ. ಹಿಂದಿನ ಕಬ್ಬು ಕೇಳಬೇಕಲ್ಲ?’

ವಾರಗಟ್ಟಲೆ ಮಾತು ಬಿಟ್ಟಿದ್ದೆ.

ಹುಡುಗಿಯಿಂದ ಲೆಕ್ಕ ಹಾಕಿಸಿದೆ. ಸವಾರ ಸೇರಿ 200 ಕೆ.ಜಿ. ಇರುವ ಸ್ಕೂಟರ್ ಸೆಕೆಂಡಿಗೆ 10 ಮೀಟರ್ ಓಡಿದರೆ ಸಂವೇಗ 2,000. ಎರಡು ಟ್ರೇಲರ್ ಕಬ್ಬು ಸೇರಿ 20 ಟನ್ ಇರುವ ಟ್ರ್ಯಾಕ್ಟರ್ ಬರೀ 2.5 ಮೀಟರ್ ಸಾಗಿದರೂ 50,000. ವೇಗ ಕಾಲು ಭಾಗ, ಸಂವೇಗ 25 ಪಟ್ಟು. ಬ್ರೇಕಿನ ಬಲ ಒಂದೇ ಆದರೆ ನಿಲ್ಲಲು ಹಿಡಿಯುವ ಹೊತ್ತೂ 25 ಪಟ್ಟು. ನ್ಯೂಟನ್ನನ ಎರಡನೇ ನಿಯಮದ ಅರ್ಥ ಇಷ್ಟೇ.

‘ಹಂಗಾರ ನಿಧಾನ ಬರೂದಕ್ಕೂ ಅಂಜಬೇಕೇನು?’

‘ಭಾರ ನೋಡಿ ಅಂಜಬೇಕು.’

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಸಂವೇಗದ ಮಾತು ಎತ್ತಲಿಲ್ಲ. ‘ಆವತ್ತ ರಸ್ತೆದಾಗ ನನ್ನ ಬಡದಿದ್ದಿ, ನೆನಪೈತೇನು?’ ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಆಮ್ಯಾಲೆ ಸ್ಟೇರಿಂಗ್ ಹಿಡಿಯಾಕ ಆಗಲಿಲ್ಲೋ. ಕೈ ನಡಗಾಕತ್ತಿದ್ದುವು’ ಅಂದ.