ವೀರರಿಗೆ ಯಾವ ಭಾಷೆ?

ಚಿತ್ರಮಂದಿರದಲ್ಲಿ ವೀರನನ್ನು ನೋಡುವುದು ಒಂದು ಬಗೆ. ಮನೆಯಲ್ಲಿ ನೋಡುವುದು ಇನ್ನೊಂದು ಬಗೆ. ಅಲ್ಲಿ ಕತ್ತಲೆಯುಂಟು, ಶಿಸ್ತುಂಟು, ಕೊಟ್ಟ ದುಡ್ಡಿನ ಗಾಂಭೀರ್ಯವುಂಟು. ಮನೆಯಲ್ಲಾದರೋ ವೀರನು ಕೋಟೆಯ ಗೋಡೆಯನ್ನು ಏರುತ್ತಿರುವಾಗಲೇ ಕುಕ್ಕರು ಕೂಗುತ್ತದೆ. ಅವನು ಖಡ್ಗವನ್ನೆತ್ತಿದ ಗಳಿಗೆಯಲ್ಲೇ ಹಾಲಿನವನು ಲೆಕ್ಕ ಕೇಳಲು ಬರುತ್ತಾನೆ. ಹಾಗೆಂದು ಮನೆಯ ನೋಟವನ್ನು ಹಗುರವೆಂದು ತಿಳಿಯಬಾರದು. ಅಜ್ಜಿಯ ಕಥೆಗೆ ಹೂಂಗುಟ್ಟುತ್ತ, ನಡುನಡುವೆ ‘ಯಾಕೆ?’ ಎಂದು ಕಾಡುತ್ತಲೇ ನಾವೆಲ್ಲ ನಮ್ಮ ವೀರರನ್ನು ಕಟ್ಟಿಕೊಂಡವರು. ಇಂದು ಅಜ್ಜಿಯ ಸ್ಥಾನದಲ್ಲಿ ಟಿ.ವಿ. ಬಂದು ಕುಳಿತಿದೆ. ಆದುದರಿಂದ ಅದು ಯಾವ ಭಾಷೆಯಲ್ಲಿ ಕಥೆ ಹೇಳುತ್ತದೆಂಬುದು ಸಣ್ಣ ಸಂಗತಿಯಲ್ಲ.

ನಮ್ಮ ವಾಸ ಮಡಿವಾಳದಲ್ಲಿ. ಇಲ್ಲಿನ ಮಾರುಕಟ್ಟೆಯ ಸೊಪ್ಪಿನಾಕೆ ಒಂದು ಕಟ್ಟು ದಂಟಿನ ಸೊಪ್ಪನ್ನು ನಾಲ್ಕು ಭಾಷೆಗಳಲ್ಲಿ ಮಾರಬಲ್ಲಳು. ಸಂಜೆಯಾದರೆ ಹೊಸೂರು ರಸ್ತೆಯಲ್ಲಿ ಕೇರಳಕ್ಕೂ ತಮಿಳುನಾಡಿಗೂ ಹೊರಡುವ ಬಸ್ಸುಗಳ ಸಾಲು. ಈ ಬಹುಭಾಷೆಯ ಬೀದಿ ನನಗೆ ಪ್ರಿಯವೇ. ಆದರೆ ನನ್ನ ಏಳು ವರ್ಷದ ಮೊಮ್ಮಗನು ನೆರೆಯ ಮಕ್ಕಳೊಡನೆ ಯುದ್ಧವಾಡುವಾಗ ಗುಡುಗುವುದು ಹಿಂದಿಯಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಊಟಕ್ಕೆ ಕರೆದಾಗ ‘ಬಂದೆ’ ಎನ್ನುವುದು ಮಾತ್ರ ಕನ್ನಡದಲ್ಲಿ! ಒಂದು ದಿನ ಅವನೇ ಕೇಳಿಬಿಟ್ಟ: “ತಾತ, ಕನ್ನಡದೋರು ಯಾರೂ ಹಾರಲ್ವಾ?”

“ಹನುಮಂತ ನಮ್ಮ ಆನೆಗೊಂದಿ ಕಡೆಯವನಲ್ಲವೇನೋ?” ಎಂದೆ.

“ಅವನು ದೇವರು, ಲೆಕ್ಕಕ್ಕಿಲ್ಲ.”

ಈ ಪ್ರಶ್ನೆಯ ಹಿಂದೆ ಒಂದು ಚರಿತ್ರೆಯೇ ಇದೆ. 1960ರ ದಶಕದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರು ಡಬ್ಬಿಂಗ್ ಚಿತ್ರಗಳನ್ನು ವಿರೋಧಿಸಿ ಚಳವಳಿ ಹೂಡಿದರು. ಆಗ ಕನ್ನಡ ಚಿತ್ರಗಳ ಸಂಖ್ಯೆ ಅಲ್ಪ. ಅವು ತಯಾರಾಗುತ್ತಿದ್ದುದೂ ಬಹುಮಟ್ಟಿಗೆ ಮದರಾಸಿನಲ್ಲಿ. ಎರವಲು ಚಿತ್ರಗಳ ಹೊಳೆ ಹರಿದರೆ ನಮ್ಮ ಕಲಾವಿದರ ಗತಿಯೇನು ಎಂಬ ಭಯ ನಿರಾಧಾರವಾಗಿರಲಿಲ್ಲ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಮುಂತಾದವರು ತಾವೇ ಕೈಗೂಡಿಸಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದಿದ್ದರು. 1968ರಲ್ಲಿ ‘ಜೇಡರ ಬಲೆ’ಯ ಪತ್ತೇದಾರ ಸಿ.ಐ.ಡಿ. 999 ಬಂದ, 1975ರಲ್ಲಿ ‘ಮಯೂರ’, 1977ರಲ್ಲಿ ‘ಬಭ್ರುವಾಹನ’. ಹೊರಗಿನ ಧ್ವನಿಗೆ ಬಾಗಿಲು ಮುಚ್ಚಿದ ಮನೆಯಲ್ಲಿ ಒಳಗಿನ ಕಂಠಗಳು ಬಲಿತವು.

ಆದರೆ ಮುಚ್ಚಿದ ಬಾಗಿಲಿಗೂ ಒಂದು ಬೆಲೆಯುಂಟು. 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಆರಂಭವಾದಾಗ ಈ ಮೊಮ್ಮಗನ ತಂದೆ ಬಾಲಕ. ಹೆಗಲಿಗೆ ಟವೆಲು ಬಿಗಿದು ನಡುಮನೆಯಲ್ಲಿ ಬುಗುರಿಯಂತೆ ತಿರುಗುತ್ತಿದ್ದನು. ತಿರುಗಿದ್ದು ಮಡಿವಾಳದಲ್ಲಿ, ಆಡಿದ್ದು ಹಿಂದಿ. 2015ರಲ್ಲಿ ಭಾರತ ಸ್ಪರ್ಧಾ ಆಯೋಗವು ಡಬ್ಬಿಂಗಿಗೆ ಅಡ್ಡಿಪಡಿಸುವುದು ಕಾನೂನಿಗೆ ವಿರುದ್ಧವೆಂದು ಹೇಳಿತು. 2020ರ ಲಾಕ್‌ಡೌನಿನ ದಿನಗಳಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡ ನುಡಿಯುತ್ತ ಮನೆಮನೆಗೆ ಬಂತು. 2023ರಲ್ಲಿ ಸ್ಪೈಡರ್‌ಮ್ಯಾನನ ಹೊಸ ಚಿತ್ರವೂ ಕನ್ನಡದಲ್ಲಿ ತೆರೆಕಂಡಿತು. ಜೇಡರ ಹುಡುಗನು ಕನ್ನಡವಾಡಿದರೆ ನನಗೆ ಸಂತೋಷವೇ. ಮಗುವಿನ ಕಿವಿಗೆ ತನ್ನ ನುಡಿ ಎಷ್ಟು ಕಡೆಯಿಂದ ಬಿದ್ದರೂ ಲಾಭವೇ.

ಆದರೂ ಹಾರುವ ಶಕ್ತಿಯನ್ನು ಎರವಲು ತಂದಷ್ಟು ಸುಲಭವಾಗಿ ಗದರುವ ಮಾತನ್ನು ಎರವಲು ತರಲಾಗದು. ಅದನ್ನು ಪರೀಕ್ಷಿಸಲೆಂದು ಒಂದು ಭಾನುವಾರ ‘ಬಭ್ರುವಾಹನ’ವನ್ನು ಹಾಕಿದೆವು. ನೆರೆಮನೆಯ ಬಂಗಾಳಿ ಹುಡುಗನೂ ಮಲಯಾಳಿ ಹುಡುಗಿಯೂ ಕಡಲೆಪುರಿಯ ಆಸೆಗೆ ಬಂದು ಕುಳಿತರು. ಅರ್ಜುನನೂ ರಾಜಕುಮಾರರೇ, ಬಭ್ರುವಾಹನನೂ ರಾಜಕುಮಾರರೇ. ಮೊಮ್ಮಗನಿಗೆ ದಿಗಿಲು: “ಇವರೂ ಅವರೇ, ಅವರೂ ಅವರೇ. ಹಾಗಾದ್ರೆ ಸೋಲೋರು ಯಾರು ತಾತ?” ವ್ಯಾಸರು ಕೇಳಿದ್ದರೆ ತಲೆದೂಗುತ್ತಿದ್ದರೇನೋ! ತಂದೆ ಮಗನೊಡನೆ ಕಾದಿದರೆ ಗೆದ್ದವನಾರು? ಚಿತ್ರವನ್ನು ನಿಲ್ಲಿಸಿ ಚಿತ್ರಾಂಗದೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಚಿತ್ರಮಂದಿರದಲ್ಲಿ ಈ ಸೌಕರ್ಯವೆಲ್ಲಿ?

ಚಿತ್ರ ಮುಗಿದು ಮಕ್ಕಳು ಮೆಟ್ಟಿಲಿಳಿಯುವಾಗ ಬಂಗಾಳಿ ಹುಡುಗನ ಕಂಠದಿಂದ “ಎಲವೋ!” ಎಂಬ ಗರ್ಜನೆ ಹೊರಟಿತು. ಅರ್ಥ ಗೊತ್ತಿರಲಿಲ್ಲ, ಆವೇಶ ಗೊತ್ತಿತ್ತು. ನಮ್ಮ ಹುಡುಗನು ಅರ್ಥ ಹೇಳಿಕೊಟ್ಟನು. ಕನ್ನಡದ ವಿಷಯದಲ್ಲಿ ಅವನು ಗುರುವಾದದ್ದು ಅಂದೇ ಮೊದಲು.

ಮುಂದಿನ ವಾರ ‘ಮಯೂರ’. ನಡುವಿನಲ್ಲಿಯೇ ಪ್ರಶ್ನೆ ಬಂತು: “ಇವನ ಊರು ಯಾವುದು?”

“ಬನವಾಸಿ. ಶಿರಸಿಯ ಹತ್ತಿರ.”

“ನಿಜವಾದ ಊರಾ? ಬಸ್ಸಲ್ಲಿ ಹೋಗಬಹುದಾ?”

“ಧಾರಾಳವಾಗಿ.”

ಹಾರುವವರ ನಗರಗಳಿಗೆ ಈವರೆಗೆ ಯಾರೂ ಅವನಿಗೆ ಟಿಕೆಟು ತೋರಿಸಿರಲಿಲ್ಲ. ದಸರೆಯ ರಜೆಗೆ ಇನ್ನೆಷ್ಟು ದಿನವೆಂದು ಅವನೀಗ ಕ್ಯಾಲೆಂಡರಿನಲ್ಲಿ ಎಣಿಸುತ್ತಿದ್ದಾನೆ, ಕನ್ನಡದಲ್ಲಿ.