ನವರಸಪುರದ ನಾದ

ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾದ ದಾರಿ ಹಿಡಿದರೆ, ಕುಮಾರ ವಾಲ್ಮೀಕಿಯ ರಾಮಾಯಣದಿಂದ ಹೆಸರಾದ ತೊರವೆ ಸಿಗುತ್ತದೆ. ಇಮ್ಮಡಿ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವನ್ನು ಕಟ್ಟತೊಡಗಿದುದು ಇಲ್ಲಿಯೇ. ತಾನೇ ಹಾಡು ಕಟ್ಟಿ, ಸರಸ್ವತಿಯನ್ನು ಸ್ತುತಿಸಿ, ತನ್ನ ತಂಬೂರಿಯನ್ನು ಮೋತಿಖಾನ್ ಎಂದು ಅಕ್ಕರೆಯಿಂದ ಕರೆದ ಅರಸನಾತ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಪಟ್ಟಣ ಹಾಳಾಯಿತು. ಸಂಗೀತ ಮಹಲಿನ ಕಮಾನುಗಳು ಇಂದಿಗೂ ನಿಂತಿವೆ.

ಈ ಕಾಲದಲ್ಲಿ ಕಚೇರಿ ಮುಗಿದರೂ ನಾದ ಉಳಿಯುತ್ತದೆ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮೆಟಾಲಿಕಾ ಎಂಬ ಹಳೆಯ ರಾಕ್ ತಂಡವು ಅಲ್ಲಿಯ ಸಿಂಫನಿ ವಾದ್ಯವೃಂದದೊಡನೆ ನುಡಿಸಿದ ಕಚೇರಿ, ಚಲನಚಿತ್ರವಾಗಿ ದೇಶದೇಶಗಳನ್ನು ಸುತ್ತಿತು. ಇಬ್ರಾಹಿಮನ ಕಂಠವನ್ನು ಹಿಡಿದಿಡುವ ಯಂತ್ರ ಅಂದಿರಲಿಲ್ಲ. ಅವನ ‘ಕಿತಾಬ್-ಎ-ನವರಸ್’ ಗ್ರಂಥದಲ್ಲಿ ಪದಗಳೂ ರಾಗಗಳ ಹೆಸರುಗಳೂ ಉಳಿದಿವೆ. ಅದನ್ನು ಓದಿ ಬಂದವರಿಗೆ ತೊರವೆಯ ಕಲ್ಲುಗಳು ಮೂಕವಾಗಿ ತೋರವು.